ಹಳೆಯ ಡೆಸ್ಕ್‌ಟಾಪ್ ಕ್ಯಾಬಿನೆಟ್ಟಿನ ಬಿಸಿ ಇಳಿಸಲು ತಗಡನ್ನು ಎಲ್ಲಿ ಕೊರೆಯಬೇಕು?

ಪ್ರಶ್ನೆ: ಕೋಡಿಬಾಗದ ಶಿಕ್ಷಕ, ಕಾರವಾರ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಕೋಡಿಬಾಗದಲ್ಲಿರುವ ಪ್ರೌಢಶಾಲಾ ಶಿಕ್ಷಕ. ವಿಜ್ಞಾನದ ಪಾಠಗಳನ್ನು ವಿಡಿಯೊ ಮಾಡಿ ಮಕ್ಕಳಿಗೆ ಕೊಡುವ ರೂಢಿ ಇಟ್ಟುಕೊಂಡಿದ್ದೇನೆ. ಅದಕ್ಕೆ ಬಳಸುವ ಡೆಸ್ಕ್‌ಟಾಪ್ ಈ ಬೇಸಿಗೆಯಲ್ಲಿ ಬಹಳ ಕಾಡುತ್ತಿದೆ. ಕ್ಯಾಬಿನೆಟ್ಟನ್ನು 2006ರಲ್ಲಿ ಪೆಂಟಿಯಂ 4 ಪ್ರೊಸೆಸರ್‌ನೊಂದಿಗೆ ಕೊಂಡಿದ್ದೆ. ಎರಡು ವರ್ಷಗಳ ಹಿಂದೆ ಒಳಗಿನ ಸಾಮಾನನ್ನೆಲ್ಲ ಬದಲಿಸಿ, ಸೆಕೆಂಡ್ ಹ್ಯಾಂಡ್ ಮದರ್‌ಬೋರ್ಡ್, ಕೋರ್ ಐ5-2400 ಪ್ರೊಸೆಸರ್, ಪ್ರತ್ಯೇಕ ವಿದ್ಯುತ್ ತಂತಿ ಬೇಡದ ಚಿಕ್ಕ ಗ್ರಾಫಿಕ್ಸ್ ಕಾರ್ಡ್ ಹಾಗೂ ಹೊಸ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಹಾಕಿಸಿದೆ. ಡಬ್ಬಿ ಮಾತ್ರ ಹಳೆಯದೇ ಉಳಿದಿದೆ.

ಸಾಮಾನ್ಯ ಕೆಲಸ ಮಾಡುವಾಗ ತೊಂದರೆಯಿಲ್ಲ. ವಿಡಿಯೊ ರೆಂಡರ್ ಆಗಲು (ಜೋಡಿಸಿದ ತುಣುಕುಗಳು ಅಂತಿಮ ಕಡತವಾಗಲು) ಬಿಟ್ಟು ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಪ್ರೊಸೆಸರ್‌ನ ತಾಪಮಾನ 97 ಡಿಗ್ರಿ ಮುಟ್ಟುತ್ತದೆ, 3.1 ಗಿಗಾಹರ್ಟ್ಸ್ ವೇಗ ಕುಸಿಯುತ್ತದೆ, ಅರ್ಧ ಗಂಟೆಯ ಕೆಲಸ ಒಂದೂವರೆ ಗಂಟೆಗೆ ಹೋಗುತ್ತದೆ. ಕಳೆದ ವಾರ ಎರಡು ಬಾರಿ ಯಂತ್ರ ತಾನಾಗಿಯೇ ಆರಿಹೋಯಿತು. ಕೋಣೆಯ ತಾಪಮಾನ ಮಧ್ಯಾಹ್ನ 33 ಡಿಗ್ರಿ ಇರುತ್ತದೆ.

ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ 80 ಮಿಲಿಮೀಟರ್‌ನ ಒಂದೇ ಫ್ಯಾನ್ ಇದೆ. ಮುಂಭಾಗದಲ್ಲಿ ಪ್ಲಾಸ್ಟಿಕ್ ಮುಖದ ಕೆಳಗೆ ಒಂದು ಬೆರಳು ತೂರುವಷ್ಟು ಸೀಳು, ಅದರ ಹಿಂದೆ ಚಿಕ್ಕ ಚಿಕ್ಕ ತೂತುಗಳಿರುವ ತಗಡು. ಎಡಬದಿಯ ಬಾಗಿಲಿನಲ್ಲಿ ಪ್ರೊಸೆಸರ್‌ಗೆ ಎದುರಾಗಿ ಜಾಲಂಧ್ರದಂತಹ ಒಂದು ಸುತ್ತು ಇದ್ದು, ಅದರ ಒಳಭಾಗಕ್ಕೆ ಒಂದು ಪ್ಲಾಸ್ಟಿಕ್ ಕೊಳವೆ ಅಂಟಿಕೊಂಡಿತ್ತು. ಹೊಸ ಮದರ್‌ಬೋರ್ಡ್ ಕೂರಿಸುವಾಗ ಫ್ಯಾನಿಗೆ ತಾಗುತ್ತದೆಂದು ಆ ಕೊಳವೆಯನ್ನು ಬಿಚ್ಚಿ ಅಟ್ಟದ ಮೇಲೆ ಇಟ್ಟಿದ್ದೇನೆ.

ಮೇಲ್ಭಾಗದಲ್ಲಿ 120 ಮಿಲಿಮೀಟರ್‌ನ ಒಂದು ತೂತು, ಬಾಗಿಲಿನಲ್ಲಿ ಇನ್ನೊಂದು ತೂತು ಕೊರೆಸಿ ಎರಡು ದೊಡ್ಡ ಫ್ಯಾನ್ ಹಾಕಿಸೋಣವೆಂದು ಯೋಚಿಸಿದ್ದೆ. ಆದರೆ ನಮ್ಮ ಮನೆ ಸಮುದ್ರದಿಂದ ಅರ್ಧ ಕಿಲೋಮೀಟರ್ ದೂರದಲ್ಲಿದೆ. ಗೇಟಿಗೆ ಹಾಕಿದ ಬೀಗ ಎರಡು ಮಳೆಗಾಲ ಬಾಳುವುದಿಲ್ಲ, ಕಿಟಕಿಯ ಸರಳುಗಳ ಮೇಲೆ ಕೈಯಾಡಿಸಿದರೆ ಅಂಟಂಟಾಗಿ ಉಪ್ಪು ಹತ್ತುತ್ತದೆ. ಬಿಸಿ ಇಳಿಸಲು ಹೋಗಿ ಉಪ್ಪುಗಾಳಿಗೆ ಬಾಗಿಲು ತೆರೆದು ಕೊಟ್ಟ ಹಾಗಾದೀತೇ ಎಂಬ ಭಯದಿಂದ ಕೈ ಹಾಕಿಲ್ಲ. ಹೊಸ ಕ್ಯಾಬಿನೆಟ್ ಕೊಳ್ಳಿರೆಂದು ಕೆಲವರು ಹೇಳಿದರು. ಈಗ ಕಡಿಮೆ ಬೆಲೆಗೆ ಸಿಗುವ ಡಬ್ಬಿಗಳ ತಗಡು ಬೆರಳಿನಿಂದ ಒತ್ತಿದರೆ ಬಾಗುತ್ತದೆ, ನನ್ನದು ಅಳೆದು ನೋಡಿದರೆ 0.8 ಮಿಲಿಮೀಟರ್ ದಪ್ಪವಿದೆ. ಇದನ್ನೇ ಸರಿಪಡಿಸಿಕೊಳ್ಳುವ ಆಸೆ ನನಗಿದೆ. ಅನುಭವ ಇರುವವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ 1: ರಿಪೇರಿ ಅಂಗಡಿ, ಶಿರಸಿ

ಮಾಸ್ತರರೇ, ತಗಡಿಗೆ ಕೈ ಹಚ್ಚುವ ಮೊದಲು ತಪ್ಪು ಡಬ್ಬಿಯದೇ ಅಥವಾ ಪ್ರೊಸೆಸರ್ ಮೇಲೆ ಕೂತು ಅದರ ಶಾಖವನ್ನು ಹೀರಿ ಹೊರಬಿಡುವ ಹೀಟ್‌ಸಿಂಕಿನದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ನನ್ನ ಅಂಗಡಿಗೆ ಬಿಸಿಯ ದೂರು ಹೊತ್ತು ಬರುವ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ತೂತು ಬೇಕಾಗಿರುವುದಿಲ್ಲ, ಒಂದು ಗಂಟೆಯ ಶುಚಿಕೆಲಸ ಸಾಕಾಗುತ್ತದೆ.

ನಿಮ್ಮ ಪ್ರೊಸೆಸರ್ 2011ರಲ್ಲಿ ಬಂದದ್ದು ಮತ್ತು ಅದರ ಶಾಖದ ಮಿತಿ 95 ವ್ಯಾಟ್. ಅದರೊಂದಿಗೆ ಕಂಪನಿಯೇ ಕೊಡುವ ದುಂಡನೆಯ ಹೀಟ್‌ಸಿಂಕ್ ನಾಲ್ಕು ಪ್ಲಾಸ್ಟಿಕ್ ಗೂಟಗಳ ಆಧಾರದ ಮೇಲೆ ನಿಲ್ಲುತ್ತದೆ. ಈ ಗೂಟಗಳಲ್ಲಿ ಒಂದು ಪೂರ್ತಿ ಕೆಳಗಿಳಿಯದೆ ಉಳಿದರೂ ಹೀಟ್‌ಸಿಂಕ್ ಒಂದು ಮಗ್ಗುಲಿಗೆ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಆದರೆ ಪ್ರೊಸೆಸರ್ ಬೇಯುತ್ತಿರುತ್ತದೆ. ಸೆಕೆಂಡ್ ಹ್ಯಾಂಡ್ ಬೋರ್ಡುಗಳಲ್ಲಿ ಇದನ್ನು ನಾನು ಪದೇ ಪದೇ ಕಂಡಿದ್ದೇನೆ. ಬೋರ್ಡನ್ನು ಹೊರತೆಗೆದು ಅದರ ಬೆನ್ನಿನ ಕಡೆಯಿಂದ ನೋಡಿದರೆ ನಾಲ್ಕೂ ಗೂಟಗಳ ಕವಲುಗಳು ಸಮನಾಗಿ ಅರಳಿವೆಯೇ ಎಂಬುದು ತಿಳಿಯುತ್ತದೆ.

ಹೀಟ್‌ಸಿಂಕಿನ ಫ್ಯಾನನ್ನು ಬಿಡಿಸಿ ನೋಡಿ. ರೆಕ್ಕೆಗಳ ಕೆಳಗೆ, ಅಲ್ಯೂಮಿನಿಯಂ ಹಲ್ಲುಗಳ ಬಾಯಲ್ಲಿ, ಧೂಳು ಕಂಬಳಿಯ ತುಂಡಿನಂತೆ ಹೆಣೆದುಕೊಂಡಿರುತ್ತದೆ. ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ ಬ್ಲೋವರ್ ಹಿಡಿದು ಮೇಲೆ ಮೇಲೆ ಊದಿದವರು ಶುಚಿಯಾಯಿತೆಂದು ಭಾವಿಸುತ್ತಾರೆ. ಅದನ್ನು ಚಿಮಟದಿಂದ ಎಳೆದು ತೆಗೆಯಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಯ ರಭಸಕ್ಕೆ ಅತಿ ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರ್‌ಗೂ ಹೀಟ್‌ಸಿಂಕಿಗೂ ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿದ್ದರೆ ಸ್ಪಿರಿಟ್ಟಿನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಹೀಟ್‌ಸಿಂಕನ್ನು ನೇರವಾಗಿ ಒತ್ತಿ ಕೂರಿಸಿ.

ಇಷ್ಟು ಮಾಡಿದ ಮೇಲೆ ಒಂದು ಪರೀಕ್ಷೆ ಮಾಡಿ. ಬಾಗಿಲು ಮುಚ್ಚಿ ಅರ್ಧ ಗಂಟೆ ಒಂದೇ ವಿಡಿಯೊವನ್ನು ರೆಂಡರ್ ಮಾಡಿ ತಾಪಮಾನ ಬರೆದುಕೊಳ್ಳಿ. ಅದೇ ದಿನ, ಅದೇ ಹೊತ್ತಿನಲ್ಲಿ, ಎಡಬಾಗಿಲು ಪೂರ್ತಿ ತೆಗೆದು ಅದನ್ನೇ ಮತ್ತೆ ಮಾಡಿ. ಎರಡೂ ಸಲ ಕೋಣೆಯ ತಾಪಮಾನವನ್ನು ಬರೆದಿಟ್ಟು, ಯಂತ್ರದ ಅಂಕಿಯಿಂದ ಅದನ್ನು ಕಳೆಯಿರಿ, ಏಕೆಂದರೆ ಫ್ಯಾನ್ ಎಷ್ಟೇ ದೊಡ್ಡದಿರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ನಾವು ಲೆಕ್ಕ ಹಾಕಬೇಕಾದದ್ದು ಕೋಣೆಗಿಂತ ಎಷ್ಟು ಮೇಲೇರಿತು ಎಂಬುದನ್ನು ಮಾತ್ರ. ಬಾಗಿಲು ತೆಗೆದಾಗ ಎರಡು ಮೂರು ಡಿಗ್ರಿಯಷ್ಟೇ ಇಳಿದರೆ ಡಬ್ಬಿಯ ತಪ್ಪಿಲ್ಲ, ತೂತು ಕೊರೆದು ಫಲವಿಲ್ಲ. ಎಂಟು ಹತ್ತು ಡಿಗ್ರಿ ಇಳಿದರೆ ಒಳಗಿನ ಗಾಳಿ ಸುತ್ತಿ ಸುತ್ತಿ ಬಿಸಿಯಾಗುತ್ತಿದೆ ಎಂದರ್ಥ, ಆಗ ಮುಂದಿನ ಮಾತು.

ಕೋಡಿಬಾಗದ ಶಿಕ್ಷಕ

ಶಿರಸಿಯವರಿಗೆ ಕೃತಜ್ಞತೆಗಳು. ನೀವು ಹೇಳಿದ್ದು ಅಕ್ಷರಶಃ ನಿಜವಾಯಿತು. ಒಂದು ಗೂಟ ಅರ್ಧಕ್ಕೇ ನಿಂತಿತ್ತು. ಫ್ಯಾನಿನ ಕೆಳಗಿನಿಂದ ತೆಗೆದ ಧೂಳು ದುಂಡನೆಯ ಬಿಲ್ಲೆಯ ಆಕಾರದಲ್ಲಿ ಒಂದೇ ತುಂಡಾಗಿ ಎದ್ದು ಬಂತು. ಮೇಲ್ಮೈ ಬೂದು ಬಣ್ಣ, ಅಡಿಯಲ್ಲಿ ನಮ್ಮ ರಸ್ತೆಯ ಚೀರೆಕಲ್ಲಿನ ಕೆಂಪು. ಬೆರಳಲ್ಲಿ ಒತ್ತಿದರೆ ಹಿಟ್ಟಾಗಲಿಲ್ಲ, ಒದ್ದೆ ಬಟ್ಟೆಯಂತೆ ಮೆತ್ತಗಿತ್ತು.

ಶುಚಿ ಮಾಡಿ ಹೊಸ ಪೇಸ್ಟ್ ಹಾಕಿದ ನಂತರ, ಕೋಣೆ 32 ಡಿಗ್ರಿ ಇರುವಾಗ, ಬಾಗಿಲು ಮುಚ್ಚಿದ್ದರೆ 84, ತೆಗೆದಿದ್ದರೆ 72. ಅಂದರೆ ಕೋಣೆಗಿಂತ 52 ಡಿಗ್ರಿ ಮೇಲಿದ್ದದ್ದು 40ಕ್ಕೆ ಇಳಿಯಿತು. ಯಂತ್ರ ಆರಿಹೋಗುವುದು ನಿಂತಿದೆ, ಆದರೂ ಹನ್ನೆರಡು ಡಿಗ್ರಿಯ ಭಾರ ಡಬ್ಬಿಯದೇ ಎಂದು ತೋರುತ್ತದೆ. ಬಾಗಿಲು ತೆಗೆದಿಟ್ಟೇ ನಡೆಸಬಹುದಲ್ಲ ಎನ್ನುವ ಹಾಗಿಲ್ಲ, ಮನೆಯಲ್ಲಿ ಹಲ್ಲಿಗಳೂ ಇರುವೆಗಳೂ ಇವೆ, ಚಿಕ್ಕ ಮಗಳೂ ಇದ್ದಾಳೆ.

ಉತ್ತರ 2: ಲೋಹದ ಕೆಲಸದವನು, ಅಂಕೋಲಾ

ಹನ್ನೆರಡು ಡಿಗ್ರಿ ಎಂದರೆ ತಗಡು ಕೊರೆಯಲು ಸಾಕಷ್ಟು ಕಾರಣವಾಯಿತು. ನಾನು ಹಗಲೆಲ್ಲ ಗೇಟು, ಗ್ರಿಲ್ಲುಗಳ ಕೆಲಸ ಮಾಡುವವನು, ಕಂಪ್ಯೂಟರ್ ನನ್ನ ಹವ್ಯಾಸ. ಐದಾರು ಹಳೆಯ ಕ್ಯಾಬಿನೆಟ್ಟುಗಳನ್ನು ಕೊರೆದ ಅನುಭವದಿಂದ ಬರೆಯುತ್ತಿದ್ದೇನೆ.

ಮೊದಲು ಎಷ್ಟು ಗಾಳಿ ಬೇಕು ಎಂಬ ಲೆಕ್ಕ. ಪ್ರೊಸೆಸರ್ 95 ವ್ಯಾಟ್, ಪ್ರತ್ಯೇಕ ತಂತಿಯಿಲ್ಲದ ಗ್ರಾಫಿಕ್ಸ್ ಕಾರ್ಡು ಸ್ಲಾಟಿನಿಂದ ಪಡೆಯಬಹುದಾದದ್ದು ಗರಿಷ್ಠ 75 ವ್ಯಾಟ್, ಉಳಿದ ಸಾಮಾನು ಸೇರಿ ಒಟ್ಟು 200 ವ್ಯಾಟ್ ಎಂದು ಹಿಡಿಯೋಣ. ಈ ಶಾಖವನ್ನೆಲ್ಲ ಹೊತ್ತೊಯ್ಯುವ ಗಾಳಿ ಕೋಣೆಗಿಂತ 10 ಡಿಗ್ರಿ ಮಾತ್ರ ಬಿಸಿಯಾಗಿ ಹೊರಬರಬೇಕಾದರೆ ನಿಮಿಷಕ್ಕೆ ಸುಮಾರು 1 ಘನ ಮೀಟರ್ ಗಾಳಿ ಹಾದುಹೋಗಬೇಕು. ಫ್ಯಾನಿನ ಪೆಟ್ಟಿಗೆಯ ಮೇಲೆ ಬರೆಯುವ ಅಳತೆಯಲ್ಲಿ ಇದು 35 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). 120 ಮಿಲಿಮೀಟರ್‌ನ ಒಂದು ಸಾಧಾರಣ ಫ್ಯಾನ್ ಅಡೆತಡೆಯಿಲ್ಲದೆ ಇದಕ್ಕಿಂತ ಹೆಚ್ಚನ್ನೇ ತಳ್ಳುತ್ತದೆ. ಆದ್ದರಿಂದ ನಿಮಗೆ ಬೇಕಾದದ್ದು ಮೂರು ನಾಲ್ಕು ಫ್ಯಾನುಗಳಲ್ಲ. ಒಂದೇ ಫ್ಯಾನಿಗೆ ತಡೆಯಿಲ್ಲದ ದಾರಿ ಸಿಕ್ಕರೆ ಸಾಕು.

ದಾರಿ ಎಲ್ಲಿ ಕಟ್ಟಿದೆ ಎಂಬುದನ್ನು ನಿಮ್ಮ ಬರಹದಲ್ಲೇ ನೀವು ಹೇಳಿದ್ದೀರಿ. ಪ್ಲಾಸ್ಟಿಕ್ ಮುಖದ ಕೆಳಗಿನ ಸೀಳು ಒಂದು ಬೆರಳಿನ ಅಗಲ, ಸುಮಾರು ಹದಿನೈದು ಸೆಂಟಿಮೀಟರ್ ಉದ್ದ ಎಂದು ಹಿಡಿದರೆ ಅದರ ಬಾಯಿ 15 ರಿಂದ 20 ಚದರ ಸೆಂಟಿಮೀಟರ್. 120 ಮಿಲಿಮೀಟರ್ ಫ್ಯಾನಿಗಾಗಿ ಕೊರೆಯುವ ತೂತಿನ ಬಾಯಿ 100 ಚದರ ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಒಳಗಿನ ತಗಡನ್ನು ಎಷ್ಟು ಚೆನ್ನಾಗಿ ಕೊರೆದರೂ ಮುಂದಿನ ಪ್ಲಾಸ್ಟಿಕ್ ಮುಖವನ್ನು ಹಾಗೆಯೇ ಬಿಟ್ಟರೆ ಫ್ಯಾನ್ ಸದ್ದು ಮಾಡುತ್ತದೆಯೇ ಹೊರತು ಗಾಳಿ ಬರುವುದಿಲ್ಲ. ಹೊಲಕ್ಕೆ ನೀರು ಹಾಯಿಸುವವರು ಕಾಲುವೆಯ ಅತಿ ಕಿರಿದಾದ ಜಾಗವನ್ನು ಮೊದಲು ಬಿಡಿಸುವಂತೆ, ನೀವು ಆ ಮುಖದಿಂದಲೇ ಆರಂಭಿಸಬೇಕು.

ಮೇಲ್ಭಾಗದ ತೂತು ಬೇಡವೇ ಬೇಡ. ಬಿಸಿ ಗಾಳಿ ತಾನಾಗಿ ಮೇಲೇರುತ್ತದೆ ಎಂಬ ಮಾತು ನಿಜ, ಆದರೆ ಫ್ಯಾನ್ ಓಡುವಾಗ ಅದರ ಮುಂದೆ ಆ ಏರಿಕೆ ಲೆಕ್ಕಕ್ಕೇ ಬರುವುದಿಲ್ಲ. ಯಂತ್ರ ಆರಿರುವಾಗ ಮಾತ್ರ ಹೆಂಚಿನ ಸಂದಿಯಿಂದ ಉದುರುವ ಕಸ, ಮಳೆಯ ತುಂತುರು, ಹಲ್ಲಿಯ ಹಿಕ್ಕೆ ಎಲ್ಲವೂ ನೇರವಾಗಿ ಬೋರ್ಡಿನ ಮೇಲೆ ಬೀಳುತ್ತವೆ.

ಇನ್ನು ಅಟ್ಟದ ಮೇಲಿರುವ ಆ ಕೊಳವೆ. ಅದನ್ನು ಇಂದೇ ಕೆಳಗಿಳಿಸಿ. ಪೆಂಟಿಯಂ 4ರ ಕಾಲದಲ್ಲಿ ಪ್ರೊಸೆಸರ್‌ಗಳು ವಿಪರೀತ ಬಿಸಿಯಾಗತೊಡಗಿದಾಗ ಇಂಟೆಲ್ ಕಂಪನಿಯೇ ಕ್ಯಾಬಿನೆಟ್ ತಯಾರಕರಿಗೆ ಈ ವಿನ್ಯಾಸವನ್ನು ಸೂಚಿಸಿತ್ತು. ಪ್ರೊಸೆಸರ್‌ನ ಫ್ಯಾನಿಗೆ ಡಬ್ಬಿಯೊಳಗಿನ ಬಿಸಿ ಗಾಳಿಯ ಬದಲು ಹೊರಗಿನ ಗಾಳಿ ನೇರವಾಗಿ ಸಿಗಬೇಕು, ಆ ಫ್ಯಾನಿಗೆ ತಲುಪುವ ಗಾಳಿ 38 ಡಿಗ್ರಿ ಮೀರಬಾರದು ಎಂಬುದು ಅದರ ಗುರಿಯಾಗಿತ್ತು. ಕೊಳವೆ ಎರಡು ತುಂಡುಗಳದ್ದಾಗಿದ್ದು ಒಂದರೊಳಗೊಂದು ಜಾರುತ್ತದೆಯೇ ನೋಡಿ. ಹಾಗಿದ್ದರೆ ಫ್ಯಾನಿಗೂ ಕೊಳವೆಗೂ ನಡುವೆ ಒಂದು ಬೆರಳಿನ ಅಂತರ ಉಳಿಯುವಂತೆ ಗಿಡ್ಡ ಮಾಡಬಹುದು. ಜಾರದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಿರಿ.

ಮುಂಭಾಗವನ್ನು ಕೊರೆಯುವ ಬಗೆ ಹೀಗೆ. ಬೋರ್ಡು, ಎಸ್‌ಎಂಪಿಎಸ್, ಡಿಸ್ಕು, ತಂತಿ, ಕೊನೆಗೆ ಮುಂದಿನ ಸ್ವಿಚ್ಚಿನ ವೈರುಗಳನ್ನೂ ತೆಗೆದು ಬರಿ ತಗಡು ಉಳಿಯುವಂತೆ ಮಾಡಿ. ಈ ಒಂದು ಮಾತಿನಲ್ಲಿ ಸೋಮಾರಿತನ ಸಲ್ಲದು, ಏಕೆಂದರೆ ಕೂದಲಿನಂತಹ ಒಂದು ಕಬ್ಬಿಣದ ಚೂರು ಬೋರ್ಡಿನ ಸಾಕೆಟ್ಟಿನಲ್ಲಿ ಬಿದ್ದರೆ ಎಲ್ಲ ಮುಗಿದಂತೆ. ಎಸ್‌ಎಂಪಿಎಸ್ಸನ್ನು ಹೊರತೆಗೆಯಿರಿ, ಆದರೆ ಅದರ ಡಬ್ಬಿಯನ್ನು ಬಿಚ್ಚಬೇಡಿ. ನಮ್ಮ 230 ವೋಲ್ಟ್ ಕರೆಂಟು ಅದರೊಳಗಿನ ಕೆಪಾಸಿಟರ್‌ಗಳಲ್ಲಿ 325 ವೋಲ್ಟಿನವರೆಗೆ ತುಂಬಿಕೊಂಡಿರುತ್ತದೆ ಮತ್ತು ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು.

ತಗಡಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗುರುತು ಹಾಕಿ. 120 ಮಿಲಿಮೀಟರ್ ಫ್ಯಾನಿನ ಸ್ಕ್ರೂ ತೂತುಗಳ ನಡುವಿನ ಅಂತರ 105 ಮಿಲಿಮೀಟರ್. 92ರ ಫ್ಯಾನಿಗೆ 82.5, 80ರದ್ದಕ್ಕೆ 71.5. ಕೈವಾರದಿಂದ 115 ಮಿಲಿಮೀಟರ್ ವ್ಯಾಸದ ವೃತ್ತ ಬರೆದು, ಮಧ್ಯಬಿಂದುವಿಗೂ ನಾಲ್ಕು ಮೂಲೆಗಳಿಗೂ ಪಂಚ್ ಹೊಡೆಯಿರಿ. ನಾಲ್ಕೂವರೆ ಇಂಚಿನ ಹೋಲ್ ಸಾ (ಡ್ರಿಲ್ಲಿಗೆ ಹಾಕುವ ದುಂಡನೆಯ ಗರಗಸ) ಅಂದರೆ 114 ಮಿಲಿಮೀಟರ್, ಈ ಕೆಲಸಕ್ಕೆ ಹೇಳಿ ಮಾಡಿಸಿದ ಅಳತೆ. ಆದರೆ ಅದನ್ನು ಕೈಯಲ್ಲಿ ಹಿಡಿಯುವ ಡ್ರಿಲ್ಲಿಗೆ ಹಾಕಿ ಜೋರಾಗಿ ತಿರುಗಿಸಿದರೆ ತಗಡನ್ನು ಕಚ್ಚಿಕೊಂಡು ಮಣಿಕಟ್ಟನ್ನು ತಿರುಚಿಬಿಡುತ್ತದೆ. ತಗಡಿನ ಹಿಂದೆ ಮರದ ಹಲಗೆ ಕೊಟ್ಟು ಬಿಗಿದು, ಅತಿ ನಿಧಾನವಾಗಿ, ನಡುನಡುವೆ ಒಂದು ಹನಿ ಎಣ್ಣೆ ಬಿಟ್ಟು ಕೊರೆಯಬೇಕು. ಹೋಲ್ ಸಾ ಸಿಗದಿದ್ದರೆ ಲೋಹದ ಬ್ಲೇಡ್ ಹಾಕಿದ ಜಿಗ್‌ಸಾ ಆಗುತ್ತದೆ. ಗ್ರೈಂಡರ್ ಮಾತ್ರ ಬೇಡ. ಅದರ ಶಾಖಕ್ಕೆ ತೆಳು ತಗಡು ಸೊಟ್ಟಗಾಗುತ್ತದೆ, ಕಿಡಿಗಳು ಸುತ್ತಲಿನ ಬಣ್ಣವನ್ನೂ ಸತುವಿನ ಲೇಪವನ್ನೂ ಸುಡುತ್ತವೆ. ಕನ್ನಡಕ ಧರಿಸದೆ ಇದರಲ್ಲಿ ಯಾವ ಕೆಲಸವನ್ನೂ ಮಾಡಬೇಡಿ.

ಹಿಂಭಾಗದ 80ರ ಫ್ಯಾನಿನ ಎದುರು ತಗಡಿನಲ್ಲೇ ಅಚ್ಚೊತ್ತಿದ ತೂತುಗಳಿದ್ದರೆ, ಆ ಭಾಗವನ್ನೂ ಕತ್ತರಿಸಿ ತೆಗೆದು ತಂತಿಯ ಗ್ರಿಲ್ ಹಾಕಿ. ಹೊಸ ಫ್ಯಾನ್ ಕೊಳ್ಳದೆಯೇ ಹೊರಹೋಗುವ ಗಾಳಿ ಹೆಚ್ಚುವುದು ನಿಮಗೆ ಕೈ ಹಿಡಿದರೇ ತಿಳಿಯುತ್ತದೆ.

ಉತ್ತರ 3: ತಂತ್ರಜ್ಞ, ಬೈತಖೋಲ

ಅಂಕೋಲಾದವರು ಬರೆದ ಕೊರೆಯುವ ವಿಧಾನದಲ್ಲಿ ನನ್ನ ತಕರಾರಿಲ್ಲ. ಆದರೆ ಹಿಂಭಾಗದ ದಾರಿಯನ್ನು ಬಿಡಿಸಬೇಕೆಂಬ ಕೊನೆಯ ಸಲಹೆಗೆ, ಸಮುದ್ರದ ದಂಡೆಯ ಮನೆಗೆ ಸಂಬಂಧಿಸಿದಂತೆ, ನಾನು ಒಪ್ಪುವುದಿಲ್ಲ. ದೋಣಿಗಳ ಎಲೆಕ್ಟ್ರಾನಿಕ್ ಉಪಕರಣಗಳನ್ನು ದುರಸ್ತಿ ಮಾಡುವುದು ನನ್ನ ಕಸುಬು, ಉಪ್ಪು ಏನು ಮಾಡುತ್ತದೆಂಬುದನ್ನು ದಿನವೂ ನೋಡುತ್ತೇನೆ.

ಡಬ್ಬಿಯಿಂದ ಹೊರಗೆ ತಳ್ಳುವ ಗಾಳಿ ಒಳಗೆ ತಳ್ಳುವುದಕ್ಕಿಂತ ಹೆಚ್ಚಾದರೆ, ಕೊರತೆಯನ್ನು ತುಂಬಲು ಗಾಳಿ ಸಿಡಿ ಡ್ರೈವಿನ ಸಂದಿ, ಯುಎಸ್‌ಬಿ ತೂತು, ಹಿಂದಿನ ಖಾಲಿ ಸ್ಲಾಟು ಹೀಗೆ ಸಿಕ್ಕಲ್ಲೆಲ್ಲ ನುಗ್ಗುತ್ತದೆ. ಆ ಗಾಳಿಯನ್ನು ನೀವು ಸೋಸಲಾರಿರಿ. ಹಳೆಯ ಕ್ಯಾಬಿನೆಟ್ಟಿನಲ್ಲಿ ಎಸ್‌ಎಂಪಿಎಸ್ಸಿನ ಫ್ಯಾನೂ ಒಳಗಿನ ಗಾಳಿಯನ್ನೇ ಎಳೆದು ಹೊರಗೆ ಬಿಡುವುದರಿಂದ ನಿಮ್ಮಲ್ಲಿ ಈಗಾಗಲೇ ಹೊರಹಾಕುವ ಫ್ಯಾನುಗಳು ಎರಡಿವೆ. ಅವನ್ನು ಇದ್ದ ಹಾಗೆ ಬಿಡಿ. ಮುಂದಿನ 120ರ ಫ್ಯಾನೇ ಹೆಚ್ಚು ಗಾಳಿ ತರುವಂತಿರಲಿ, ಆ ಗಾಳಿಯೆಲ್ಲ ಒಂದು ಜಾಲರಿಯ ಮೂಲಕವೇ ಬರಲಿ. ಆಗ ಸಂದಿಗಳಿಂದ ಗಾಳಿ ಹೊರಗೆ ಸೋರುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ಖಾಲಿ ಸ್ಲಾಟುಗಳಿಗೆ ತಗಡಿನ ಪಟ್ಟಿ ಹಾಕಿ ಮುಚ್ಚಿ.

ಉಪ್ಪಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಗಾಳಿಯ ಆರ್ದ್ರತೆ ಶೇಕಡಾ 75ನ್ನು ದಾಟಿದಾಗ ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ, ಅದಕ್ಕೆ ಶೇಕಡಾ 33 ಸಾಕು. ಸಾಣಿಕಟ್ಟೆಯ ಹರಳುಪ್ಪನ್ನು ಆಷಾಢದಲ್ಲಿ ಭರಣಿಯಿಂದ ತೆಗೆಯುವಾಗ ಕೈ ಒದ್ದೆಯಾಗುವುದು ಈ ಕಾರಣಕ್ಕೇ. ಬೋರ್ಡಿನ ಮೇಲೆ ಕೂತ ಧೂಳಿನಲ್ಲಿಯೂ ಇದೇ ನಡೆಯುತ್ತದೆ. ಮಾಸ್ತರರೇ, ನಿಮ್ಮ ಹೀಟ್‌ಸಿಂಕಿನ ಧೂಳು ಒದ್ದೆ ಬಟ್ಟೆಯಂತೆ ಮೆತ್ತಗಿತ್ತು ಎಂದು ಬರೆದಿದ್ದೀರಲ್ಲ, ಅದು ಉಪ್ಪು ಕುಡಿದ ನೀರು. ಎರಡು ತಾಮ್ರದ ಗೆರೆಗಳ ನಡುವೆ ಅಂತಹ ಧೂಳು ಕುಳಿತರೆ ಅದು ವಿದ್ಯುತ್ ಹರಿಯುವ ಸೇತುವೆಯಾಗುತ್ತದೆ, ತಾಮ್ರ ಹಸಿರಾಗುತ್ತಾ ಸವೆಯುತ್ತದೆ.

ಯಂತ್ರ ಓಡುತ್ತಿರುವಾಗ ಅಪಾಯ ಕಡಿಮೆ ಎಂಬುದು ಬಹುಮಂದಿಗೆ ತಿಳಿಯದು. ಮಳೆಗಾಲದ 28 ಡಿಗ್ರಿಯ, ಶೇಕಡಾ 90 ಆರ್ದ್ರತೆಯ ಗಾಳಿ ಡಬ್ಬಿಯೊಳಗೆ 38 ಡಿಗ್ರಿಗೆ ಬಿಸಿಯಾದರೆ, ಅದರಲ್ಲಿರುವ ನೀರಿನ ಆವಿ ಅಷ್ಟೇ ಇದ್ದರೂ ಆರ್ದ್ರತೆ ಶೇಕಡಾ 51ರ ಆಸುಪಾಸಿಗೆ ಇಳಿಯುತ್ತದೆ. ಹಾನಿ ಆಗುವುದು ಹೆಚ್ಚಾಗಿ ಯಂತ್ರ ಆರಿ ತಣ್ಣಗೆ ಕೂತಿರುವಾಗ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಶಾಲೆಯ ಕೆಲಸದಲ್ಲಿ ವಿಡಿಯೊ ಮಾಡಲು ಬಿಡುವಿಲ್ಲದಿದ್ದರೂ, ದಿನಕ್ಕೆ ಅರ್ಧ ಗಂಟೆ ಅದನ್ನು ಓಡಿಸಿ. ಆರಿಸಿದ ಮೇಲೆ ಹತ್ತಿಬಟ್ಟೆಯ ಹೊದಿಕೆ ಹಾಕಿ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ನಿಲ್ಲುತ್ತದೆ.

ಜಾಲರಿಯ ಬಗ್ಗೆ. ಸೊಳ್ಳೆ ಪರದೆ ಹಲ್ಲಿ, ಹುಳ, ಎಳೆಗಳನ್ನು ತಡೆಯುತ್ತದೆ, ಚೀರೆಕಲ್ಲಿನ ಧೂಳು ಅದರ ಕಣ್ಣುಗಳಲ್ಲಿ ಸರಾಗವಾಗಿ ಹಾದುಹೋಗುತ್ತದೆ. ಏಸಿ ರಿಪೇರಿ ಮಾಡುವವರಲ್ಲಿ ಹಳೆಯ ಕಿಟಕಿ ಏಸಿಯ ನೈಲಾನ್ ಜಾಲರಿ ಸಿಗುತ್ತದೆ. ಅದು ಹೆಚ್ಚು ನಯವಾದದ್ದು, ತೊಳೆದು ಬಳಸಬಹುದು. ನಯವಾದ ಜಾಲರಿ ಗಾಳಿಯನ್ನು ತಡೆಯುತ್ತದೆ ಎಂಬ ದೂರಿಗೆ ಪರಿಹಾರವೆಂದರೆ ಜಾಲರಿಯನ್ನು ಫ್ಯಾನಿನಷ್ಟೇ ಮಾಡದೆ ದೊಡ್ಡದು ಮಾಡುವುದು. ಪ್ಲಾಸ್ಟಿಕ್ ಮುಖದ ಕೆಳಭಾಗವನ್ನು 20 ಸೆಂಟಿಮೀಟರ್ ಎತ್ತರ, 15 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ ಅಷ್ಟಕ್ಕೂ ಜಾಲರಿ ಕಟ್ಟಿದರೆ 300 ಚದರ ಸೆಂಟಿಮೀಟರ್ ಸಿಗುತ್ತದೆ. ಫ್ಯಾನಿನ ಬಾಯಿಗಿಂತ ಮೂರು ಪಟ್ಟಿನಷ್ಟಾದ್ದರಿಂದ ಗಾಳಿ ಅಲ್ಲಿ ಮೂರನೇ ಒಂದರಷ್ಟು ವೇಗದಲ್ಲಿ ಹಾಯುತ್ತದೆ, ತಡೆ ಬಹಳ ಕಡಿಮೆಯಾಗುತ್ತದೆ, ಧೂಳೂ ಅಲ್ಲಿಯೇ ನಿಲ್ಲುತ್ತದೆ. ಬಾಗಿಲಿನ ಕೊಳವೆಯ ಬಾಯಿಗೂ ಇದೇ ಜಾಲರಿ ಹಾಕಿ. ಇದು ಉಪ್ಪನ್ನು ಪೂರ್ತಿಯಾಗಿ ತಡೆಯುತ್ತದೆಂದು ನಾನು ಹೇಳುವುದಿಲ್ಲ. ಉಪ್ಪಿಗೆ ಆಸರೆಯಾಗುವ ಧೂಳನ್ನು ತಡೆಯುತ್ತದೆ.

ಕೊರೆದ ಅಂಚಿನಲ್ಲಿ ಸತುವಿನ ಲೇಪ ಹೋಗಿ ಬರಿ ಉಕ್ಕು ತೆರೆದುಕೊಳ್ಳುತ್ತದೆ. ನಮ್ಮೂರಿನಲ್ಲಿ ಅದು ಒಂದೇ ವಾರದಲ್ಲಿ ಕೆಂಪಾಗುತ್ತದೆ, ಆ ತುಕ್ಕಿನ ಹೊಪ್ಪಳೆ ಉದುರಿ ಬೋರ್ಡಿನ ಮೇಲೆಯೇ ಬೀಳುತ್ತದೆ. ಕೊರೆದ ದಿನವೇ ಅರದಿಂದ ಅಂಚು ತೀಡಿ, ಎಮರಿ ಕಾಗದ ಉಜ್ಜಿ, ಡಬ್ಬಿಯನ್ನು ಸೋಪಿನ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಒಂದು ಕೈ, ಅದರ ಮೇಲೆ ಬಣ್ಣ ಎರಡು ಕೈ ಹಚ್ಚಿ. ಬೋರ್ಡು ಕೂರುವ ಹಿತ್ತಾಳೆಯ ಗುಬ್ಬಿಗಳಿಗೂ ಎಸ್‌ಎಂಪಿಎಸ್ ತಾಗುವ ಜಾಗಕ್ಕೂ ಬಣ್ಣ ಬೇಡ, ಅರ್ಥಿಂಗ್ ಸಿಗುವುದು ಅಲ್ಲಿಂದ.

ಲೋಹದ ಕೆಲಸದವನು, ಅಂಕೋಲಾ

ಬೈತಖೋಲದವರ ಮಾತನ್ನು ಒಪ್ಪುತ್ತೇನೆ. ನಾನು ಕೊರೆದ ಕ್ಯಾಬಿನೆಟ್ಟುಗಳೆಲ್ಲ ಸಮುದ್ರದಿಂದ ದೂರದ ಮನೆಗಳವು, ಹಾಗಾಗಿ ಹಿಂಭಾಗವನ್ನು ತೆರೆಯುವುದರಲ್ಲಿ ನನಗೆ ತೊಂದರೆ ಕಂಡಿರಲಿಲ್ಲ. ಮಾಸ್ತರರೇ, ಹಿಂಭಾಗವನ್ನು ಸದ್ಯ ಮುಟ್ಟಬೇಡಿ. ಫ್ಯಾನ್ ಕಟ್ಟುವಾಗ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ನಾಲ್ಕು ವಾಷರ್‌ಗಳನ್ನು ತಗಡಿಗೂ ಫ್ಯಾನಿಗೂ ನಡುವೆ ಕೊಟ್ಟರೆ ಗುಂಯ್‌ಗುಡುವ ಸದ್ದು ಬರುವುದಿಲ್ಲ.

ಕೋಡಿಬಾಗದ ಶಿಕ್ಷಕ

ಮೇ ತಿಂಗಳ ರಜೆಯಲ್ಲಿ ಕೆಲಸ ಮುಗಿಸಿದ್ದೇನೆ. ಊರಿನ ಒಂದು ಗ್ರಿಲ್ ಅಂಗಡಿಯಲ್ಲಿ ಹೋಲ್ ಸಾ ಇತ್ತು, ಹಲಗೆಯ ಮೇಲೆ ಬಿಗಿದು ಹತ್ತೇ ನಿಮಿಷದಲ್ಲಿ ಕೊರೆದುಕೊಟ್ಟರು. ಅರ ಹಾಕುವುದು, ಬಣ್ಣ ಹಚ್ಚುವುದು ಮನೆಯಲ್ಲಿ ಎರಡು ದಿನ ಹಿಡಿಯಿತು.

ಒಂದು ತಪ್ಪು ಮಾಡಿದೆ, ಮುಂದೆ ಕೊರೆಯುವವರಿಗೆ ತಿಳಿದಿರಲೆಂದು ಬರೆಯುತ್ತೇನೆ. ವೃತ್ತದ ಮಧ್ಯಬಿಂದುವನ್ನು ಹೊರಗಿನಿಂದ ಮಾತ್ರ ಅಳೆದಿದ್ದೆ. ಹಾರ್ಡ್ ಡಿಸ್ಕ್ ಕೂರುವ ಗೂಡು ಒಳಗಿನಿಂದ ತೂತಿನ ಮೇಲಂಚಿಗೆ ಅಡ್ಡ ಬಂದು, 25 ಮಿಲಿಮೀಟರ್ ದಪ್ಪದ ಫ್ಯಾನ್ ಒಳಗೆ ಕೂರಲಿಲ್ಲ. ಗೂಡು ರಿವೆಟ್ಟಿನಿಂದ ಹೊಡೆದದ್ದಾದ್ದರಿಂದ ಬಿಚ್ಚುವ ಹಾಗಿರಲಿಲ್ಲ. ಕೊನೆಗೆ ಫ್ಯಾನನ್ನು ತಗಡಿನ ಹೊರಗೆ, ಪ್ಲಾಸ್ಟಿಕ್ ಮುಖದ ಒಳಗಿನ ಖಾಲಿ ಜಾಗದಲ್ಲಿ ಕಟ್ಟಿದೆ. ಅಲ್ಲಿ ಸರಿಯಾಗಿ 30 ಮಿಲಿಮೀಟರ್ ಇತ್ತು. ಫ್ಯಾನಿನ ಮಗ್ಗುಲಲ್ಲಿ ಗಾಳಿಯ ದಿಕ್ಕಿನ ಬಾಣದ ಗುರುತು ಇಲ್ಲದ್ದರಿಂದ ಊದಿನಕಡ್ಡಿ ಹಚ್ಚಿ ಹಿಡಿದು ನೋಡಿದೆ. ಹೊಗೆ ಜಾಲರಿಯ ಕಡೆಗೆ ನೆಟ್ಟಗೆ ಎಳೆದುಕೊಂಡು ಹೋಯಿತು, ಸಿಡಿ ಡ್ರೈವಿನ ಸಂದಿಯ ಬಳಿ ಹಿಡಿದಾಗ ಹೊಗೆ ಹೊರಗೆ ತಳ್ಳಲ್ಪಟ್ಟಿತು. ಬೈತಖೋಲದವರು ಹೇಳಿದ್ದು ಅದೇ ತಾನೆ ಎಂದು ಬಹಳ ಸಂತೋಷವಾಯಿತು.

ಕೊಳವೆ ಎರಡು ತುಂಡುಗಳದ್ದೇ ಆಗಿತ್ತು, ಒಳಗೆ ಜಾರಿಸಿ ಗಿಡ್ಡ ಮಾಡಿದೆ. ಈಗ ಬಾಗಿಲು ಮುಚ್ಚಿ ಅರ್ಧ ಗಂಟೆ ರೆಂಡರ್ ಮಾಡಿದರೆ, ಕೋಣೆ 33 ಡಿಗ್ರಿ ಇರುವಾಗ 75 ಡಿಗ್ರಿ. ಕೋಣೆಗಿಂತ 42 ಮೇಲೆ. ಬಾಗಿಲು ತೆಗೆದಿಟ್ಟಾಗಿನ 40ಕ್ಕಿಂತ ಎರಡೇ ಡಿಗ್ರಿ ಹೆಚ್ಚು.

ರಿಪೇರಿ ಅಂಗಡಿ, ಶಿರಸಿ

ಬಹಳ ಒಳ್ಳೆಯ ಫಲಿತಾಂಶ. ಆ ಎರಡು ಡಿಗ್ರಿಗಾಗಿ ಇನ್ನೇನನ್ನೂ ಕೊರೆಯಬೇಡಿ. ಹಾರ್ಡ್ ಡಿಸ್ಕಿನ ತಾಪಮಾನವನ್ನೂ ಒಮ್ಮೆ ನೋಡಿ, ಈಗ ತಣ್ಣನೆಯ ಗಾಳಿ ಮೊದಲು ಅದರ ಮೇಲೆಯೇ ಹಾಯುವುದರಿಂದ ಅದೂ ಇಳಿದಿರಬೇಕು. ಜಾಲರಿಯನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕೆಂಬುದನ್ನು ತಾಪಮಾನವೇ ಹೇಳುತ್ತದೆ. ಕೋಣೆಗಿಂತ 42 ಇರುವುದು 46 ದಾಟಿತೆಂದರೆ ತೊಳೆಯಿರಿ. ಪೂರ್ತಿ ಒಣಗದೆ ಮರಳಿ ಹಾಕಬೇಡಿ.

ಕೋಡಿಬಾಗದ ಶಿಕ್ಷಕ

ಡಿಸ್ಕು 47ರಿಂದ 39ಕ್ಕೆ ಇಳಿದಿದೆ. ಮೂರು ವಾರವಾಯಿತೆಂದು ನಿನ್ನೆ ಜಾಲರಿಯನ್ನು ಬಿಚ್ಚಿ ಬಕೆಟ್ಟಿನಲ್ಲಿ ಅದ್ದಿದೆ, ನೀರು ಚಹಾದ ಬಣ್ಣಕ್ಕೆ ತಿರುಗಿತು. ಬಾಗಿಲು ತೆಗೆದು ಬ್ಯಾಟರಿ ಬೆಳಕಿನಲ್ಲಿ ಬೋರ್ಡನ್ನು ನೋಡಿದರೆ ತಿಂಗಳ ಹಿಂದೆ ಒರೆಸಿದಂತೆಯೇ ಇತ್ತು. ಮಳೆ ಇನ್ನೇನು ಬಂತು. ಅಕ್ಟೋಬರ್‌ನಲ್ಲಿ ಕೊರೆದ ಅಂಚಿನ ಬಣ್ಣ ಹೇಗಿದೆ ಎಂಬುದನ್ನು ನೋಡಿ ಇಲ್ಲಿಯೇ ಬರೆಯುತ್ತೇನೆ.